ಸುಳ್ಳು ಹರಕೆ ಹೊತ್ತ ಸೈಕಲ್ಲುಗಳು

ಇಂಡಿ

ಶ್ರೀಲಂಕಾದ ಕಡಲ ದಂಡೆಗುಂಟ ಸೈಕಲ್ ತುಳಿಯಬೇಕೆಂದು ಹೊರಟ ನಾನು ಮುದ್ದೇಬಿಹಾಳ ನೋಡಿಕೊಂಡು ಬಂದೆ. ಪರದೇಶ ಪ್ರವಾಸದ ಕಥೆ ಬರೆಯುತ್ತೇನೆಂದು ಶಾಲೆಯಲ್ಲಿ ಮೊದಲೇ ಡಂಗುರ ಸಾರಿಬಿಟ್ಟಿದ್ದರಿಂದ ಈಗ ಬರೆಯದೆ ಗತಿಯಿಲ್ಲ. ಓದುವವರು ಕಡಲು ಬರಬೇಕಾದ ಕಡೆ ತೊಗರಿ ಹೊಲವೆಂದೂ, ತೆಂಗಿನ ತೋಪು ಬರಬೇಕಾದ ಕಡೆ ಜಾಲಿ ಗಿಡವೆಂದೂ ತಿದ್ದಿಕೊಳ್ಳಬೇಕು. ಪರದೇಶದಲ್ಲಿ ಜನ ನಿಂತು ನಿಂತು ನೋಡುತ್ತಾರೆ ಎಂದು ಹೋಗಿಬಂದವರು ಹೇಳುತ್ತಾರಲ್ಲ, ಆ ವಿಷಯದಲ್ಲಿ ಮಾತ್ರ ನನಗೆ ಏನೂ ಕಡಿಮೆಯಾಗಲಿಲ್ಲ.

ನನ್ನ ಹೆಸರು ಮೈಮೂನಾ. ಇಂಡಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಸೈಕಲ್ ಕಲಿತದ್ದು ನಲವತ್ತು ದಾಟಿದ ಮೇಲೆ, ಅದೂ ಎಂಟನೇ ಇಯತ್ತೆಯ ಹುಡುಗಿಯರಿಗೆ ಸರ್ಕಾರ ಕೊಟ್ಟ ಸೈಕಲ್ ಮೇಲೆ, ಶಾಲೆ ಬಿಟ್ಟ ನಂತರ ಮೈದಾನದಲ್ಲಿ. ನನ್ನ ಜೊತೆ ಕಲಿತವಳು ಹಿಂದಿ ಟೀಚರ್ ಕಸ್ತೂರಿ. ಆಕೆ ಸೋಮವಾರ ಒಪ್ಪತ್ತು ಮಾಡುವ, ಹಣೆಗೆ ವಿಭೂತಿ ಇಲ್ಲದೆ ಹಾಜರಿ ಪುಸ್ತಕಕ್ಕೆ ಸಹಿ ಹಾಕದ ಹೆಂಗಸು. ನನಗೆ ದೇವರ ನೆನಪಾಗುವುದು ಈದ್ ಹಬ್ಬದ ದಿನ, ಇಲ್ಲವೇ ಇನ್‌ಸ್ಪೆಕ್ಷನ್ ದಿನ. ಬಿದ್ದು ಮೊಣಕಾಲು ಕೆತ್ತಿಸಿಕೊಂಡಾಗಲೆಲ್ಲ ಆಕೆ ತನ್ನ ದೇವರನ್ನು ಕರೆಯುತ್ತಿದ್ದಳು, ನಾನು ಗುರುತ್ವಾಕರ್ಷಣೆಯನ್ನು ಬೈಯುತ್ತಿದ್ದೆ. ಇಬ್ಬರೂ ಒಂದೇ ವಾರದಲ್ಲಿ ಕಲಿತೆವು.

ಈ ಹುಚ್ಚೆಲ್ಲ ಯಾತಕ್ಕೆಂದರೆ, ನನಗೆ ಕಡಲು ನೋಡಬೇಕಾಗಿತ್ತು. ಉಬ್ಬರ ಇಳಿತ ಹೇಗಾಗುತ್ತದೆಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತೇನೆ, ಒಮ್ಮೆಯೂ ಕಡಲಿನ ಮುಂದೆ ನಿಂತಿಲ್ಲ. ಗೋವಾಕ್ಕೆ ಹೊರಟಾಗ ಅತ್ತೆಗೆ ಜ್ವರ ಬಂತು. ಕಾರವಾರಕ್ಕೆ ಹೊರಟಾಗ ಚುನಾವಣೆ ಡ್ಯೂಟಿ ಬಂತು. ಅಷ್ಟರಲ್ಲಿ ಮೈಸೂರಿನ ಸೈಕಲ್ ಗುರುವೊಬ್ಬರು ಶ್ರೀಲಂಕಾಕ್ಕೆ ಹೆಂಗಸರ ತಂಡ ಒಯ್ಯುತ್ತಾರೆಂದು ಕಸ್ತೂರಿ ಫೋನಿನಲ್ಲಿ ನೋಡಿದಳು. ಹೆಸರು ಕೊಟ್ಟೆವು. ಗುರುಗಳು ಎರಡು ಷರತ್ತು ಹಾಕಿದರು. ಹೆಂಗಸರು ಜೋಡಿಯಾಗಿಯೇ ಬರಬೇಕು. ಹೊಸಬರಾದರೆ ಮೊದಲು ತಮ್ಮ ಸೀಮೆಯಲ್ಲೇ ನಾಲ್ಕು ದಿನ ಒಂದೇ ಸವನೆ ತುಳಿದು ತೋರಿಸಬೇಕು, ನಡುವೆ ಒಂದು ಮಾರು ದೂರವೂ ಸೈಕಲ್ಲನ್ನು ಯಾವ ಗಾಡಿಯ ಮೇಲೂ ಏರಿಸಬಾರದು. ಇದಕ್ಕೆ ಸಾಕ್ಷಿಯಾಗಿ ಹ್ಯಾಂಡಲ್ಲಿಗೆ ಕಚ್ಚಿಸುವ ಪುಟ್ಟ ಯಂತ್ರವೊಂದನ್ನು ಕಳಿಸಿಕೊಟ್ಟರು. ಎಲ್ಲಿದ್ದೇವೆ, ಎಷ್ಟು ವೇಗದಲ್ಲಿದ್ದೇವೆ ಎಂದು ಅದು ತಾನಾಗಿ ಅವರಿಗೆ ಚಾಡಿ ಹೇಳುತ್ತಿತ್ತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಮತ್ತೆ ಇಂಡಿ. ಹೀಗೆ ಒಂದು ಸುತ್ತು ಎಂದು ಗೊತ್ತುಮಾಡಿದೆವು. ಸಾಮಾನು ಕಸ್ತೂರಿಯ ಪಾಲಿಗೆ ಬಂತು. ಹಗುರಾಗಿರಬೇಕೆಂದು ಹಲ್ಲುಜ್ಜುವ ಬ್ರಷ್ಷಿನ ಹಿಡಿಕೆಯನ್ನು ಅರ್ಧ ಕತ್ತರಿಸಿದಳು, ಆಮೇಲೆ ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಎಂದು ಒಂದು ಸಂಸಾರಕ್ಕಾಗುವಷ್ಟು ತುಂಬಿದಳು. ದಿನ ಆರಿಸುವುದು ನನ್ನ ಪಾಲಿಗೆ ಬಂತು. ಗಾಳಿಯ ದಿಕ್ಕು ನೋಡಿದೆ, ಬಿಸಿಲು ನೋಡಿದೆ, ಚಂದ್ರನನ್ನೂ ನೋಡಿದೆ. ಎರಡನೆಯ ದಿನ ಆಕಾಶದಲ್ಲಿ ಚಂದ್ರನಿರುವುದಿಲ್ಲ ಎಂಬುದು ನನಗೆ ಚೆನ್ನಾಗಿ ತಿಳಿದಿತ್ತು. ಆ ದಿನಕ್ಕೆ ನಮ್ಮ ಸೀಮೆಯಲ್ಲಿ ಏನನ್ನುತ್ತಾರೆ ಎಂಬುದಷ್ಟೇ ತಲೆಗೆ ಹೊಳೆಯಲಿಲ್ಲ.

ನನ್ನ ಗಂಡ ದಸ್ತಗೀರ ಮೋಟರ್‌ಸೈಕಲ್ ಗ್ಯಾರೇಜಿನವರು. ಹೊರಡುವ ಮುಂಜಾನೆ ನನ್ನ ಚೈನಿಗೆ ಎಣ್ಣೆ ಬಿಡುತ್ತ, "ಟೈರ್ ಹೋದ್ರ ಫೋನ್ ಹಚ್ಚು. ಮೊಣಕಾಲ ಹೋದ್ರ ಹಚ್ಚಬ್ಯಾಡ, ಅದನ್ನ ಬಿಚ್ಚಿ ಕೂಡಸಾಕ ನನಗ ಬರೂದಿಲ್ಲ" ಎಂದರು. ನಮ್ಮಲ್ಲಿ ಇದಕ್ಕೆ ಪ್ರೀತಿ ಎನ್ನುತ್ತಾರೆ.

ಸಿಂದಗಿ ರಸ್ತೆ

ಊರ ಹೊರಗಿನ ನಿಂಬೆ ತೋಟಗಳನ್ನು ದಾಟುವವರೆಗೆ ಎಲ್ಲ ಸುಸೂತ್ರವಾಗಿತ್ತು. ಅಲ್ಲಿಂದ ಪ್ರಶ್ನೆಗಳು ಸುರುವಾದವು.

"ಯಾಕ್ರಿ ಟೀಚರ್, ಬಸ್ ಬಂದಿಲ್ಲೇನ್ರಿ?" ಎಂದು ಒಬ್ಬ ಬೈಕ್ ನಿಧಾನ ಮಾಡಿ ಕೇಳಿದ. ಬಸ್ ಬಂದಿದೆ, ನಾವೇ ಹತ್ತಿಲ್ಲ ಎಂದೆ. ಅವನ ಮುಖದಲ್ಲಿ ನಮ್ಮ ಬಗ್ಗೆ ನಿಜವಾದ ಕಳವಳ ಮೂಡಿತು. ಮುಂದಿನ ಊರಿನ ಚಹಾದಂಗಡಿಯಲ್ಲಿ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ನಮ್ಮ ಹೆಲ್ಮೆಟ್ಟುಗಳನ್ನು ಬಹಳ ಹೊತ್ತು ನೋಡಿ, "ಮನ್ಯಾಗ ಏನರ ಜಗಳ ಆಗೈತೇನವ್ವಾ? ಆಗಿದ್ರ ಹೇಳ್ರಿ, ನಾಕ್ ಮಂದಿ ಹಿರ್ಯಾರು ಬಂದು ಕುಂತ ಬಗಿಹರಸ್ತೇವಿ" ಎಂದರು.

"ಜಗಳ ಇಲ್ರಿ. ಸುಮ್ನ ಹೊಂಟೇವಿ" ಎಂದಳು ಕಸ್ತೂರಿ.

"ಸುಮ್ನ ಅಂದ್ರ?"

"ಸುಮ್ನ ಅಂದ್ರ ಸುಮ್ನರಿ. ತಿರಗಾಡಾಕ."

"ಎರಡ ಪಗಾರ ಅದಾವ ಅಂತೀರಿ. ಬಿಸಿಲಾಗ ಸೈಕಲ್ ತುಳಕೋತ ಮುದ್ದೇಬಿಹಾಳಕ್ಕ ಹೊಂಟೇವಿ ಅಂತೀರಿ. ಮತ್ತ ಸುಮ್ನ ಅಂತೀರಿ" ಎಂದು ಹಿರಿಯರು ಸುತ್ತಲಿನವರ ಕಡೆ ನೋಡಿದರು. ಸುತ್ತಲಿನವರು ಅಷ್ಟರಲ್ಲಿ ಚಹಾ ಬಿಟ್ಟು ನಮ್ಮನ್ನು ಕುಡಿಯುತ್ತಿದ್ದರು.

ನಮ್ಮ ಸೀಮೆಯಲ್ಲಿ ಮನುಷ್ಯ ಕಷ್ಟಪಡುವುದಕ್ಕೆ ಎಲ್ಲ ಕಾರಣಗಳಿಗೂ ಮರ್ಯಾದೆ ಇದೆ, ಖುಷಿ ಎಂಬ ಕಾರಣವೊಂದನ್ನು ಬಿಟ್ಟು. ಹತ್ತನೆಯದೋ ಹನ್ನೊಂದನೆಯದೋ ಸಲ "ಸುಮ್ನ" ಎಂದು ಹೇಳಿ ನನ್ನ ತಾಳ್ಮೆ ಕೆಟ್ಟಿತು. ಇನ್ನೊಂದು ಕಟ್ಟೆಯ ಮೇಲಿಂದ ಅದೇ ಪ್ರಶ್ನೆ ಬಂದಾಗ ಬಾಯಿಗೆ ಬಂದದ್ದು ಹೇಳಿಬಿಟ್ಟೆ.

"ಹರಕಿ ಐತ್ರಿ. ನಾಕೂ ತಾಲೂಕ ಸುತ್ತಿ ಲಚ್ಯಾಣದ ಮಠಕ್ಕ ಹೋಗಿ ಮುಟ್ಟಸಬೇಕು."

ಮಂತ್ರ ಹಾಕಿದಂತಾಯಿತು. ಕೂತವರು ಎದ್ದು ನಿಂತರು. ಒಬ್ಬ ನಮ್ಮ ಬಾಟಲಿಗಳಿಗೆ ತಣ್ಣೀರು ತುಂಬಿದ, ಇನ್ನೊಬ್ಬ ಟೈರಿಗೆ ಗಾಳಿ ನೋಡಿದ. "ಮೊದಲ ಹೇಳಬಾರದೇನ್ರಿ" ಎಂದು ಚಹಾದವನು ನಮ್ಮನ್ನೇ ಗದರಿಸಿದ. ಮುಸಲ್ಮಾನರ ಹೆಣ್ಣುಮಗಳಿಗೆ ಲಚ್ಯಾಣದ ಹರಕೆ ಹೇಗೆ ಎಂದು ಯಾರೂ ಕೇಳಲಿಲ್ಲ. ಅದು ಕೇಳುವ ಪ್ರಶ್ನೆಯೇ ಅಲ್ಲ, ಇಂಡಿಯ ಮಗ್ಗುಲಿನ ಆ ಅಜ್ಜನ ಮಠಕ್ಕೆ ನಮ್ಮ ತಾಯಿಯೂ ನಡೆದುಕೊಳ್ಳುತ್ತಿದ್ದಳು.

ಸ್ವಲ್ಪ ದೂರ ಹೋದ ಮೇಲೆ ಕಸ್ತೂರಿ ಸೈಕಲ್ ನಿಲ್ಲಿಸಿದಳು. ಮುಖ ಕೆಂಪಗಾಗಿತ್ತು.

"ಏ ಮೈಮೂನಾ, ಹರಕಿ ಅಂದ್ರ ಚಾಷ್ಟಿ ತಿಳದಿಯೇನು? ಬಾಯಿಂದ ಒಮ್ಮೆ ಬಿತ್ತಂದ್ರ ಬಿತ್ತು."

"ನಾ ಮನಸ್ಸಿನ್ಯಾಗ ಅಂದಿಲ್ಲ ಬಿಡ."

"ಬಾಯಿಂದ ಅಂದಿಯಲ್ಲ! ದೇವರು ನಿನ್ನ ಮನಸ್ಸಿನ್ಯಾಗ ಇಣಿಕಿ ನೋಡಕೋತ ಕುಂಡ್ರಾಕ ಆತಗ ಬ್ಯಾರೆ ಕೆಲಸ ಇಲ್ಲೇನು?"

ಇದು ವಾದವಾಗಿ ಬಹಳ ಗಟ್ಟಿಯಾದದ್ದು. ಅಲ್ಲಿಂದ ಸಿಂದಗಿಯವರೆಗೆ ನಾವು ಯಾರೂ ಕೇಳದಿದ್ದರೂ ಮೊದಲೇ "ಹರಕಿ ಐತ್ರಿ" ಎನ್ನುತ್ತ ಹೋದೆವು. ಅಂದರೆ ನಾನು ಅನ್ನುತ್ತಿದ್ದೆ, ಆಕೆ ಕಣ್ಣು ಮುಚ್ಚಿ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಿದ್ದಳು. ಅದರಿಂದ ನನ್ನ ಸುಳ್ಳಿಗೆ ಇನ್ನಷ್ಟು ಕಳೆ ಬರುತ್ತಿತ್ತು.

ಯಂಕಂಚಿ ಹಾದಿ

ಸಿಂದಗಿಯಲ್ಲಿ ರಾತ್ರಿ ಕಳೆದು ಮುಂಜಾನೆ ಹೊರಟರೆ ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಅಂಗಡಿಗಳು ಮುಚ್ಚಿದ್ದವು. ಸಿಂದಗಿಯವರು ತಡವಾಗಿ ಏಳುವ ಜನ ಎಂದು ಪ್ರವಾಸಿಯ ಗತ್ತಿನಿಂದ ತೀರ್ಮಾನಿಸಿದೆ. ಫೋನಿನ ನಕಾಶೆ ಹತ್ತಿರದ ದಾರಿಯೆಂದು ನಮ್ಮನ್ನು ಯಂಕಂಚಿ ಕಡೆಯ ಎರೆಮಣ್ಣಿನ ಬಂಡಿ ಹಾದಿಗೆ ಇಳಿಸಿತು. ಆಗ ಕಂಡಿತು, ಇಡೀ ತಾಲೂಕು ಹೊಲದಲ್ಲಿತ್ತು. ಬಂಡಿ, ಟ್ರ್ಯಾಕ್ಟರ್, ಬೈಕು, ಬುಟ್ಟಿ, ಹೊಸ ಸೀರೆ.

"ಎಳ್ಳ ಅಮಾಸಿ!" ಎಂದು ಕಸ್ತೂರಿ ಹ್ಯಾಂಡಲ್ ಬಿಟ್ಟು ಹಣೆ ಬಡಿದುಕೊಂಡಳು, ಬೀಳುವುದೊಂದು ಬಾಕಿ. "ಚಂದ್ರ ಇರೂದಿಲ್ಲ ಅಂತ ಹೇಳಿದೀ, ಅಮಾಸಿ ಅಂತ ಹೇಳಿದೀಯೇನ?"

ನಮ್ಮ ಕಡೆ ಎಳ್ಳಮಾಸಿಗೆ ಭೂಮಿತಾಯಿಗೆ ಬಯಕೆ ಊಟ ಕೊಡುತ್ತಾರೆ. ಮಾಡಿದ ಅಡಿಗೆಯನ್ನೆಲ್ಲ ಬೆಳೆಯ ನಡುವೆ ಚೆಲ್ಲುತ್ತಾರೆ, ಅದು ಚರಗ. ಚರಗ ಚೆಲ್ಲಿದ ಮೇಲೆ ಆ ದಾರಿಯಲ್ಲಿ ಹೋಗುವವರನ್ನು ಉಣ್ಣಿಸದೆ ಬಿಟ್ಟರೆ ಭೂಮಿತಾಯಿ ಅರ್ಧ ಹೊಟ್ಟೆಯಲ್ಲಿ ಉಳಿದಂತೆ ಎಂದು ನಂಬಿಕೆ. ದಾರಿಯಲ್ಲಿ ಹೋಗುವವರು ಆ ದಿನ ನಾವಿಬ್ಬರೇ. ಮೊದಲ ಹೊಲದಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ ತಿಂದೆವು. ಎರಡನೆಯದರಲ್ಲಿ ಅದನ್ನೇ ತಿಂದೆವು. ಮೂರನೆಯ ಹೊಲದಲ್ಲಿ ಶೇಂಗಾ ಹೋಳಿಗೆಯ ಮೇಲೆ ತುಪ್ಪ ಸುರಿಯುವಾಗ ಬೇಡ ಎಂದು ಕೈ ಅಡ್ಡ ಹಿಡಿದೆ, ಕೈಯ ಮೇಲೇ ಸುರಿದರು. ಆಮೇಲೆ ಸೈಕಲ್ ಹತ್ತಿದರೆ ಪೆಡಲು ಮೇಲೆ ಬಂದಾಗ ಮೊಣಕಾಲು ಹೊಟ್ಟೆಗೆ ತಾಗುತ್ತಿತ್ತು.

ನಾಲ್ಕನೆಯ ಹೊಲದ ಬನ್ನಿಗಿಡದ ಕೆಳಗೆ ಒಬ್ಬ ಮುದುಕಿ ಎರಡೂ ಕಾಲು ಚಾಚಿ ಕೂತಿದ್ದಳು. ಹೆಸರು ಶಾವಂತ್ರೆವ್ವ. ಪಕ್ಕದಲ್ಲಿ ಆಕೆಯ ಮೈದುನ ಮಲಕಪ್ಪ, ಸುತ್ತ ಮನೆಯವರು. ನಾನು ಎಂದಿನಂತೆ ಹರಕೆ ಎಂದೆ. ಮುದುಕಿ ತಾಟು ಕೆಳಗಿಟ್ಟಳು.

"ಲಚ್ಯಾಣಕ್ಕ? ಖರೇನ?"

"ಹೌದು ಆಯಿ."

"ನಂದೂ ಒಂದು ಲಚ್ಯಾಣದ ಹರಕಿ ಉಳದೈತಿ ಯವ್ವಾ" ಎಂದಳು. "ನಡಕೋತ ಬರ್ತೇನಿ ಅಂದಿದ್ದೆ. ಇವತ್ತ ನಾಳೆ ಅನ್ನೂದ್ರಾಗ ಮೊಣಕಾಲು ಹೋದುವು. ಬಸ್ಸಿನಾಗ ಹೋಗೂದಿತ್ತಂದ್ರ ಯಾವಾಗೋ ಹೋಗಿ ಬರ್ತಿದ್ದೆ. ಮಾತು ನಡಕೋತ ಬರೂದಿತ್ತು. ನೀವು ಹೆಂಗೂ ಹೊಂಟೀರಿ. ನನ್ನ ಕಾಲಿನ ಬದಲಿ ನಿಮ್ಮ ಕಾಲು. ನಂದೂ ಜೋಡೀಲೆ ಮುಟ್ಟಸ್ರಿ."

ಮಲಕಪ್ಪನಿಗೆ ಇದು ಸರಿಬರಲಿಲ್ಲ. "ವೈನಿ, ಸೈಕಲ್ ಮ್ಯಾಲ ಹೋದ್ರ ನಡದಂಗ ಹೆಂಗಾಕ್ಕೈತಿ? ಕಾಲು ನೆಲಕ್ಕ ಹತ್ತಬೇಕು."

"ಕಾಲ ತಿರಗಾಕತ್ತಾವಲ್ಲ ಕಾಕಾ" ಎಂದಳು ಮುದುಕಿಯ ಸೊಸೆ.

"ಗಾಣದ ಎತ್ತಿನ ಕಾಲೂ ತಿರಗತಾವ. ಅದೇನ ಲಚ್ಯಾಣಕ್ಕ ಹೋಗಿ ಬರ್ತೈತೇನ?"

ಚರ್ಚೆ ಹೋಳಿಗೆಯಷ್ಟೇ ದಪ್ಪವಾಗಿ ನಡೆಯಿತು. ನಾನು ವಿಜ್ಞಾನದ ಟೀಚರ್ ಎಂದು ತಿಳಿದು ನನ್ನ ಅಭಿಪ್ರಾಯವನ್ನೂ ಕೇಳಿದರು. ಶಕ್ತಿ ಸ್ನಾಯುವಿನದೇ ಆದ್ದರಿಂದ ನಡಿಗೆಗೂ ಇದಕ್ಕೂ ಭೇದವಿಲ್ಲ ಎಂದು ನಾನು ಗಂಭೀರವಾಗಿ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಡೆಗೆ ಶಾವಂತ್ರೆವ್ವ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು.

"ಬೆವರು ಯಾರದ ಬರ್ತೈತಿ ನೋಡ್ರಿ. ಬೆವರು ಮನಶ್ಯಾಂದಾದ್ರ ಅದು ನಡಿಗಿ. ಆದ್ರ ಯವ್ವಾ, ಇಲ್ಲಿಂದ ಲಚ್ಯಾಣದ ತನಕ ನಡುವ ಗಾಡಿ ಹತ್ತಬಾರದು ನೋಡು."

ಗಾಡಿ ಹತ್ತಬಾರದು. ಮೈಸೂರಿನ ಗುರುಗಳ ಷರತ್ತು ಇದೇ ಆಗಿತ್ತು. ಇಬ್ಬರು ಒಡೆಯರಿಗೆ ಒಂದೇ ಚಾಕರಿ ಎಂದು ನಾನು ಒಳಗೊಳಗೇ ಹಗುರಾದೆ, ಹೂಂ ಎಂದೆ. ಆಕೆ ಒಂದು ತೆಂಗಿನಕಾಯಿ ತರಿಸಿ ಬಿಳಿ ಅರಿವೆಯಲ್ಲಿ ಕಟ್ಟಿ ಕೊಟ್ಟಳು, ಮುಟ್ಟಿಸಿದ ಮೇಲೆ ಫೋನ್ ಮಾಡಲು ನಂಬರ್ ಹೇಳಿಸಿದಳು. ಹರಕೆ ಯಾತರದು ಎಂದು ಕಸ್ತೂರಿ ಕೇಳಿದಳು.

"ಮುಟ್ಟೂತನಕ ಬಾಯಿ ಬಿಡಬಾರದು. ಮುಟ್ಟಿದ ಮ್ಯಾಲ ಹೇಳ್ತೇನಿ" ಎಂದು ಇನ್ನೊಂದು ಹೋಳಿಗೆ ನೀಡಿದಳು.

ಮುದ್ದೇಬಿಹಾಳ

ದಾರಿಯುದ್ದಕ್ಕೂ ತೆಂಗಿನಕಾಯಿ ನನ್ನ ಚೀಲದಲ್ಲಿ ಲೊಟಲೊಟ ಎನ್ನುತ್ತಿತ್ತು. ಮೊಮ್ಮಗಳ ಮದುವೆಯ ಹರಕೆ ಇರಬೇಕೆಂದು ಕಸ್ತೂರಿ ಅಂದಳು. ಸ್ವಲ್ಪ ಮುಂದೆ, ಅಲ್ಲ, ಮಗನ ಜಡ್ಡು ಗುಣವಾದದ್ದಿರಬೇಕು ಅಂದಳು. ಜಾಲಿಮುಳ್ಳು ಚುಚ್ಚಿ ಟ್ಯೂಬಿಗೆ ಪಂಕ್ಚರ್ ಹಾಕುವಾಗಲೂ ಆಕೆಗೆ ಅದೇ ಯೋಚನೆ. ಎದುರು ಗಾಳಿಗೆ ಬಾಗಿ ತುಳಿಯುತ್ತ ಹೊತ್ತು ಮುಳುಗುವಾಗ ಮುದ್ದೇಬಿಹಾಳ ಮುಟ್ಟಿದೆವು. ನನ್ನ ಕಾಲುಗಳು ನನ್ನವು ಅನ್ನಿಸುತ್ತಿರಲಿಲ್ಲ. ಆದರೆ ಅರ್ಧ ಸುತ್ತು ಮುಗಿದಿತ್ತು, ಕಡಲು ಅರ್ಧ ಹತ್ತಿರ ಬಂದಿತ್ತು, ನಿಜವಾಗಿ ಖುಷಿಯಾಗಿತ್ತು.

ರಾತ್ರಿ ಉಳಿದದ್ದು ಕಸ್ತೂರಿಯ ಬೀಗರ ಮನೆಯಲ್ಲಿ. ಆಕೆಯ ಮಗಳನ್ನು ಆ ಮನೆಗೆ ಕೊಟ್ಟಿದೆ, ಮಗಳು ಅಳಿಯ ಈಗ ಹುಬ್ಬಳ್ಳಿಯಲ್ಲಿದ್ದಾರೆ, ಮಗಳು ಎರಡು ತಿಂಗಳ ಬಸುರಿ. ಬೀಗರಾದ ಶಂಕ್ರಪ್ಪನವರದು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಬೀಗತಿ ಸೈಕಲ್ ಮೇಲೆ ಬಂದದ್ದು ನೋಡಿ ಅವರು ಮೊದಲು ಓಣಿಯ ಎರಡೂ ಕಡೆ ನೋಡಿದರು, ಆಮೇಲೆ ನಮ್ಮನ್ನು ನೋಡಿದರು. ಸೈಕಲ್ಲುಗಳನ್ನು ಗಡಬಡಿಸಿ ಹಿತ್ತಲಕ್ಕೆ ಸಾಗಿಸಿದರು. ಬಿಸಿನೀರು, ಬಿಸಿ ಊಟ, ದಪ್ಪ ಗಾದಿ, ಯಾವುದಕ್ಕೂ ಹೆಸರಿಡುವಂತಿರಲಿಲ್ಲ. ದಣಿವಿಗೆ ನಾವು ಮಾತಾಡದೆ ಉಂಡು ಮಲಗಿಬಿಟ್ಟೆವು, ಸೈಕಲ್ ಯಾತ್ರೆಯ ನಿಯಮಗಳನ್ನು ಯಾರಿಗೂ ಹೇಳಲಿಲ್ಲ.

ಮುಂಜಾನೆ ಎದ್ದು ಹಿತ್ತಲಕ್ಕೆ ಹೋದರೆ ಸೈಕಲ್ಲುಗಳಿಲ್ಲ.

ಶಂಕ್ರಪ್ಪನವರು ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದರು. ಬಹುಮಾನ ಕೊಡುವವರ ಮುಖವಿತ್ತು.

"ಹುಡಕಬ್ಯಾಡ್ರಿ. ಬಾಗೇವಾಡಿ ಅಂಗಡಿಗೆ ಸಿಮೆಂಟ್ ಹೊಂಟಿತ್ತು, ಅದರ ಟೆಂಪೋದಾಗ ನಸಕಿನ್ಯಾಗ ಹೇರಿ ಕಳಿಸೇನಿ. ನೀವು ಆರಾಮ ನಾಷ್ಟಾ ಮಾಡಿ ಬಸ್ಸಿನಾಗ ಹೋಗ್ರಿ. ಅಲ್ಲಿ ಸೈಕಲ್ ಕಾಯ್ತಿರ್ತಾವ."

ಕಸ್ತೂರಿಯ ಬಾಯಿ ತೆರೆದೇ ಉಳಿಯಿತು. ನಾನು ಏನೋ ಹೇಳಹೊರಟೆ, ಆಕೆ ಸೆರಗಿಲ್ಲದ ಚೂಡಿದಾರದಲ್ಲೂ ಸೆರಗು ಎಳೆದುಕೊಂಡಂತೆ ಮಾಡಿ ನನ್ನ ಕೈ ಅದುಮಿದಳು. ಹೆಣ್ಣು ಕೊಟ್ಟವರು ಬೀಗರ ಮೇಲೆ ಏರುದನಿ ಮಾಡುವಂತಿಲ್ಲ.

"ಇಷ್ಟ್ಯಾಕ ತ್ರಾಸ ತಗೊಂಡ್ರಿ ಬೀಗರ?" ಎಂದಳು, ಅಳುವ ದನಿಯಲ್ಲಿ.

"ತ್ರಾಸೇನ್ರಿ ಅದ್ರಾಗ! ನಮ್ಮ ಮನಿಯಿಂದ ಬೀಗ್ತಿ ಪ್ಯಾಟಿ ನಡುವ ಸೈಕಲ್ ತುಳಕೋತ ಹೋದ್ರ ಮಂದಿ ಏನಂದಾರು? ಬಸ್ ಚಾರ್ಜಿಗೂ ಗತಿ ಇಲ್ಲದಂಗ ಕಳಿಸ್ಯಾರ ಅಂತಾರ."

ಆಗ ನನಗೆ ಯಂತ್ರದ ನೆನಪಾಯಿತು. ಕಸ್ತೂರಿ ಅದನ್ನು ಹ್ಯಾಂಡಲ್ಲಿನಿಂದ ಬಿಚ್ಚಿರಲಿಲ್ಲ, ಆರಿಸಿಯೂ ಇರಲಿಲ್ಲ. ಸಿಮೆಂಟ್ ಚೀಲದ ಮೇಲೆ ಕೂತು ಅದು ಪ್ರಾಮಾಣಿಕವಾಗಿ ತನ್ನ ಚಾಡಿ ಕೆಲಸ ಮಾಡುತ್ತ ಹೋಗಿತ್ತು.

ಬಸವನ ಬಾಗೇವಾಡಿ

ಬಾಗೇವಾಡಿಯ ಸಿಮೆಂಟ್ ಅಂಗಡಿಯ ಮುಂದೆ ಎರಡೂ ಸೈಕಲ್ಲು ಒಂದಕ್ಕೊಂದು ಒರಗಿ ನಿಂತಿದ್ದವು, ಮೈಯೆಲ್ಲ ಬೂದಿ ಬಡಿದುಕೊಂಡಂತೆ. ಬಸ್ಸಿನಿಂದ ಇಳಿಯುವ ಹೊತ್ತಿಗೆ ಮೈಸೂರಿನ ಗುರುಗಳ ಫೋನ್ ಬಂತು.

"ಮೇಡಂ, ಬೆಳಿಗ್ಗೆ ನಿಮ್ಮ ಸ್ಪೀಡು ಗಂಟೆಗೆ ಅರವತ್ತು ದಾಟಿದೆ. ಅಭಿನಂದನೆ ಹೇಳ್ಬೇಕೋ ಏನ್ ಹೇಳ್ಬೇಕೋ ಗೊತ್ತಾಗ್ತಾ ಇಲ್ಲ."

ನಡೆದದ್ದು ಹೇಳಿದೆ. ಅವರು ಪಾಪ ಒಳ್ಳೆಯವರು, ನಗಲಿಲ್ಲ. ಆದರೆ ನಿಯಮ ನಿಯಮವೇ, ಈ ವಾರ ಪಟ್ಟಿ ಮುಗಿಯುತ್ತದೆ, ಮುಂದಿನ ವರ್ಷ ನೋಡೋಣ ಎಂದರು. ಮುಂದಿನ ವರ್ಷ ಇದೇ ಹೊತ್ತಿಗೆ ಕಸ್ತೂರಿಯ ಮನೆಯಲ್ಲಿ ಕೂಸು ಇರುತ್ತದೆ, ಮಗಳ ಬಾಣಂತನ ಬಿಟ್ಟು ಆಕೆ ಎಲ್ಲಿಗೂ ಬರುವುದಿಲ್ಲ. ಜೋಡಿಯಿಲ್ಲದೆ ನನಗೆ ಪಟ್ಟಿಯಲ್ಲಿ ಜಾಗವಿಲ್ಲ. ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ನಲವತ್ತಾರರ ಹೆಂಗಸು ಬಾಗೇವಾಡಿಯ ಪೇಟೆಯಲ್ಲಿ ಕಡಲಿಗಾಗಿ ಅಳುವುದು ಚೆನ್ನಾಗಿರುವುದಿಲ್ಲವೆಂದು ಗೊತ್ತಿತ್ತು, ಆದರೂ ಅತ್ತೆ. ಅಂಗಡಿಯವನು ಕಣ್ಣಿಗೆ ಸಿಮೆಂಟ್ ಬಿತ್ತೆಂದು ತಿಳಿದು ನೀರು ತಂದುಕೊಟ್ಟ.

ಕಸ್ತೂರಿ ಹೆಗಲ ಮೇಲೆ ಕೈಯಿಟ್ಟಳು. "ನಡಿ, ಬಿಡು. ಇಲ್ಲಿಂದ ಬಸ್ಸಿನಾಗ ಹಾಕ್ಕೊಂಡು ಮನಿಗಿ ಹೋಗೂಣು. ಇನ್ನ ಯಾರಿಗಿ ತೋರಸೂದೈತಿ?"

ಎದ್ದೆ. ಚೀಲ ಎತ್ತಿಕೊಂಡಾಗ ಕಾಯಿ ಲೊಟ ಎಂದಿತು. ನಿಜವಾದ ಕಾರಣ ಹೊತ್ತು ಏರುವಷ್ಟರಲ್ಲೇ ಸತ್ತುಹೋಗಿತ್ತು, ಈಗ ಉಳಿದದ್ದು ಸುಳ್ಳು ಹೇಳಿದ ಕಾರಣವೊಂದೇ. ಅದನ್ನು ನಂಬಿ ಒಬ್ಬ ಮುದುಕಿ ಹೊಲದಲ್ಲಿ ಕಾಲು ಚಾಚಿ ಕೂತಿದ್ದಳು.

"ಆಯಿಗೇನ ಹೇಳೂಣು?" ಎಂದು ಕೇಳಿದೆ.

"ಲಚ್ಯಾಣಕ್ಕ ಕಾಯಿ ಒಯ್ಯೂಣಲ್ಲ. ಇಲ್ಲಿಂದ ತುಳಕೋತ ಹೋಗೂಣು ಬೇಕಾದ್ರ."

"ಮುದ್ದೇಬಿಹಾಳದಿಂದ ಇಲ್ಲೀ ತನಕ ಟೆಂಪೋ ಬಂದೈತಿ. ನಡುವ ಗಾಡಿ ಹತ್ತಬಾರದು ಅಂದಾಳ."

ಕಸ್ತೂರಿ ನನ್ನನ್ನು ನೋಡಿದಳು. "ಅಲ್ಲ ಮೈಮೂನಾ, ನಮ್ಮ ಲಚ್ಯಾಣದ ಅಜ್ಜಗ ಅಷ್ಟೂ ತಿಳೀದಿಲ್ಲೇನು? ನಾವೇನ ಬೇಕಂತ ಹತ್ತಿದ್ದಲ್ಲ. ಆತ ಮಾಫ್ ಮಾಡ್ತಾನ. ಹುಟ್ಟಿದಾಗಿಂದ ನೋಡೇನಿ ನಾ ಆತನ್ನ."

ಅವಳಿಗೂ ಅವಳ ದೇವರಿಗೂ ದಿನದ ವಹಿವಾಟು, ಒಂದು ದಿನ ಹೆಚ್ಚು ಕಡಿಮೆಯಾದರೆ ನಡೆಯುತ್ತದೆ. ನನಗೆ ಅವನ ಪರಿಚಯವೇ ಇಲ್ಲ. ಪರಿಚಯವಿಲ್ಲದವರ ಹತ್ತಿರ ಹೇಗೆ ಸಲಿಗೆ ತೆಗೆದುಕೊಳ್ಳಲಿ? ನನಗೆ ಪರಿಚಯವಿದ್ದದ್ದು ಶಾವಂತ್ರೆವ್ವ ಮಾತ್ರ, ಆಕೆ ಮಾಫ್ ಮಾಡುವ ಪೈಕಿಯವಳಂತೆ ಕಾಣಲಿಲ್ಲ.

"ಹಿಂದಕ್ಕ ಹೋಗೂಣು" ಎಂದೆ. "ಟೆಂಪೋ ಖಾಲಿ ಹೊಂಟೈತಿ. ಮುದ್ದೇಬಿಹಾಳಕ್ಕ ಸೈಕಲ್ ಒಯ್ದು ಅಲ್ಲಿಂದ ಮತ್ತ ತುಳಿಯೂಣು."

ಟೆಂಪೋದ ಡ್ರೈವರು ಸೈಕಲ್ಲುಗಳನ್ನು ಮತ್ತೆ ಮೇಲೆತ್ತುತ್ತ, "ನಸಕಿನ್ಯಾಗ ಇಳಿಸೇನಿ, ಈಗ ಹೇರಾಕತ್ತೇನಿ. ನನ್ನ ಹುಚ್ಚ ಮಾಡಾಕ ನಿಮ್ಮನ್ನ ಯಾರರ ಕಳಿಸ್ಯಾರೇನ್ರಿ?" ಎಂದು ಕೇಳಿದ. ಕಸ್ತೂರಿ, ಹರಕಿ ಐತಿ, ಎಂದಳು. ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು.

ಮತ್ತೆ ಮುದ್ದೇಬಿಹಾಳ

ಶಂಕ್ರಪ್ಪನವರಿಗೆ ನಾವು ಮರಳಿ ಬಂದದ್ದು ನೋಡಿ ಎದೆಯುಬ್ಬಿತು. ತಮ್ಮ ಮನೆಯ ಆದರ ಬಿಟ್ಟು ಹೋಗಲು ಬೀಗತಿಗೆ ಮನಸ್ಸಾಗಲಿಲ್ಲವೆಂದು ನೆರೆಯವರಿಗೆಲ್ಲ ಕೂಗಿ ಹೇಳಿದರು. ಕಸ್ತೂರಿ ಅಡಿಗೆಮನೆಗೆ ಹೋಗಿ ಅವರ ಹೆಂಡತಿಗೆ ಹರಕೆಯ ಸಂಗತಿ ಹೇಳಿದಳು. ಆ ತಾಯಿ ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಬಂದಳು.

"ಹರಕಿ ಸೈಕಲ್ ಟೆಂಪೋದಾಗ ಹಾಕಿ ಕಳಿಸಿದ್ರಲ್ಲಾ! ಬುದ್ಧಿ ಐತೇನ್ರಿ ನಿಮಗ? ಸೊಸಿ ಬಸರಿ ಅದಾಳ, ನೀವು ಹರಕಿಯಾಗ ಕೈ ಹಾಕೀರಿ!"

ಶಂಕ್ರಪ್ಪನವರ ಮುಖ ಸಿಮೆಂಟಿನ ಬಣ್ಣಕ್ಕೆ ತಿರುಗಿತು. ಅದಕ್ಕೆ ಪರಿಹಾರವೇನೆಂದು ಹೆಂಡತಿಯೇ ತೀರ್ಮಾನಿಸಿದಳು. ಮರುದಿನ ಮುಂಜಾನೆ ಅಂಗಡಿಯ ಆಳಿನ ಹಳೆಯ ಸೈಕಲ್ ಹತ್ತಿ, ಧೋತರದ ಅಂಚನ್ನು ಸೊಂಟಕ್ಕೆ ಸಿಗಿಸಿಕೊಂಡು, ಬೀಗರು ನಮ್ಮ ಮುಂದೆ ಮುಂದೆ ಪೇಟೆಯ ನಡುವೆ ಹಾದು ತುಳಿಯುತ್ತ ಊರ ಹೊರಗಿನವರೆಗೆ ಬಂದು ಕಳಿಸಿದರು. ಇಡೀ ಪೇಟೆ ಅಂಗಡಿ ಬಿಟ್ಟು ಹೊರಗೆ ಬಂದಿತ್ತು. "ಸಾಹುಕಾರ್ರ, ಬಸ್ ಬಂದಿಲ್ಲೇನ್ರಿ?" ಎಂದು ಯಾರೋ ಕೂಗಿದರು. ಅವರು ಉತ್ತರ ಕೊಡುವಷ್ಟು ಉಸಿರು ಉಳಿಸಿಕೊಂಡಿರಲಿಲ್ಲ.

ಲಚ್ಯಾಣ

ಆಮೇಲಿನ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಾಳಿ ಎದುರಿಗೇ ಇತ್ತು, ನಡುವೆ ಎರಡು ರಾತ್ರಿ ತಂಗಬೇಕಾಯಿತು. ಸೈಕಲ್ ಮೇಲಿನ ಯಂತ್ರವನ್ನು ಬಿಚ್ಚಿ ಚೀಲದ ತಳಕ್ಕೆ ಹಾಕಿದ್ದೆವು, ನಮ್ಮ ಸುದ್ದಿ ಯಾರಿಗೂ ಹೋಗುತ್ತಿರಲಿಲ್ಲ. ಮನಗೂಳಿ ದಾಟಿದ ಮೇಲೆ ಒಬ್ಬ ಪಿಕಪ್ಪಿನವನು ಬೆನ್ನು ಬಿಡದೆ "ಹತ್ರಿ ಅಕ್ಕಾರ, ಹತ್ರಿ" ಎಂದು ಬಹಳ ದೂರ ಜೊತೆಗೆ ಬಂದ. ಹತ್ತಿದರೆ ಕೇಳುವವರು ಯಾರೂ ಇರಲಿಲ್ಲ. ಕಸ್ತೂರಿ ಒಮ್ಮೆ ನನ್ನ ಮುಖ ನೋಡಿದಳು, ನಾನು ರಸ್ತೆ ನೋಡಿದೆ. ಇಂಡಿಯಲ್ಲಿ ಮನೆಯ ಮುಂದಿನಿಂದಲೇ ಹಾದೆವು. ದಸ್ತಗೀರ ಗ್ಯಾರೇಜಿನಿಂದ ಓಡಿಬಂದು, "ಮನಿ ಇಲ್ಲೇ ಐತಿ! ಮರತೀಯೇನು?" ಎಂದು ಕೂಗಿದರು. ಇನ್ನೂ ಲಚ್ಯಾಣ ಉಳಿದಿದೆ ಎಂದೆ. ಅವರು ನನ್ನ ಚೈನಿಗೆ ಎರಡು ಹನಿ ಎಣ್ಣೆ ಬಿಟ್ಟು ಕಳಿಸಿದರು.

ಮಠದಲ್ಲಿ ಮಧ್ಯಾಹ್ನದ ಹೊತ್ತು ಜನವಿರಲಿಲ್ಲ. ಪೂಜೆಯವರು ಕಾಯಿ ತೆಗೆದುಕೊಂಡು, "ಯಾರ ಹೆಸರ್ಲೆ?" ಎಂದು ಕೇಳಿದರು. ಯಂಕಂಚಿ ಶಾವಂತ್ರೆವ್ವ ಎಂದೆ. ಕಾಯಿ ಒಡೆಯಿತು. ಕಸ್ತೂರಿ ಅಡ್ಡಬಿದ್ದಳು, ಏಳಲು ಮಾತ್ರ ಆಗದೆ ನಾನೇ ಕೈ ಕೊಟ್ಟು ಎಬ್ಬಿಸಿದೆ. ಹೊರಗೆ ಕಟ್ಟೆಯ ಮೇಲೆ ಕೂತು ಫೋನ್ ಹಚ್ಚಿದೆ.

"ಆಯಿ, ಮುಟ್ಟಿತು."

"ನಡುವ ಗಾಡಿ ಹತ್ತಲಿಲ್ಲಲ್ಲ?"

ಹತ್ತಿದ್ದು, ತಿರುಗಿ ಹೋದದ್ದು, ಎಲ್ಲ ಹೇಳಿದೆ. ಆಕೆ ಹೂಂ ಹೂಂ ಎನ್ನುತ್ತ ಕೇಳಿದಳು.

"ಛಲೋ ಮಾಡಿದ್ರಿ" ಎಂದಳು. "ನಮ್ಮ ಮನ್ಯಾಗೊಂದು ಎತ್ತಿತ್ತು ಯವ್ವಾ. ಬಿಳೀದು. ನಮ್ಮ ಮನಿಯವರು ಹೋದ ಮ್ಯಾಲ ಅದರ ಮ್ಯಾಲೇ ಹೊಲ ಮಾಡಿದ್ದೆ. ಅದಕ್ಕ ಜಡ್ಡಾತು. ಅದನ್ನ ಉಳಸು, ನಡಕೋತ ಬರ್ತೇನಿ ಅಂತ ಬೇಡಕೊಂಡಿದ್ದೆ."

ಕಸ್ತೂರಿ ಫೋನಿಗೆ ಕಿವಿ ಹಚ್ಚಿ ಕೂತಿದ್ದಳು. ಮೊಮ್ಮಗಳೂ ಅಲ್ಲ, ಮಗನೂ ಅಲ್ಲ, ಎತ್ತು. ಅವಳಿಗೆ ನಗು ಬಂತು, ನನಗೂ ಬಂತು.

"ಎತ್ತು ಉಳೀತಲ್ಲ ಆಯಿ?"

"ಎಲ್ಲಿ ಉಳೀತು! ಮೂರ ದಿನದಾಗ ಸತ್ತು ಹೋತು."

ನಮ್ಮ ನಗು ನಿಂತಿತು.

"ಸತ್ತು ಹೋತಂದ್ರ... ಮತ್ತ ಹರಕಿ ಯಾತರದು ಆಯಿ? ಉಳದ್ರ ತಾನೇ ಬರೂದು?"

"ಉಳದ್ರ ಅಂತ ನಾ ಅಂದಿಲ್ಲ. ಉಳಸು, ಬರ್ತೇನಿ ಅಂದೇನಿ. ಉಳಸೂದು ಆತನ ಪಾಳಿ, ಬರೂದು ನನ್ನ ಪಾಳಿ. ಆತ ತನ್ನ ಪಾಳಿ ಬಿಟ್ಟಾ ಅಂತ ನಾನೂ ಬಿಡಬೇಕೇನು?"

ಆಮೇಲೆ ಆಕೆಯೇ ಕೇಳಿದಳು.

"ನಿಂದು ಯಾತರ ಹರಕಿ ಇತ್ತವ್ವಾ? ಈಡೇರಿತೇನ?"

ನಾನು ಬಯಸಿದ್ದು ಒಂದೇ ಇತ್ತು, ಅದು ಬಾಗೇವಾಡಿಯ ಸಿಮೆಂಟ್ ಅಂಗಡಿಯ ಮುಂದೆ ಮುಗಿದಿತ್ತು.

"ಇಲ್ಲ ಆಯಿ. ಈಡೇರಲಿಲ್ಲ."

"ಆದರೂ ಹೋಗಿ ಮುಟ್ಟಸಿದಿ."

"ಹೂಂ."

"ಹಂಗಾದ್ರ ಇನ್ನ ಮನಿಗಿ ಹೋಗಿ ಬಿಸಿ ರೊಟ್ಟಿ ತಿಂದು ಮಲಕ್ಕೊ ಮಗಳ" ಎಂದಳು ಶಾವಂತ್ರೆವ್ವ. "ಮೊಣಕಾಲಿಗಿ ಎಣ್ಣಿ ಹಚ್ಚಿ ತಿಕ್ಕಸ್ಕೊ. ನಾ ತಿಕ್ಕಸ್ಕೊಳ್ಳಲಿಲ್ಲ."